ಬ್ರಿಟ್ನಿ ಸ್ಪಿಯರ್ಸ್ ಆತ್ಮಕಥೆಯನ್ನು ಒಟ್ಟಿಗೆ ಕೂತು ಓದುವ ಬಗೆ

ಉಡುಪಿಯಲ್ಲಿ ನಾವು ಏಳೆಂಟು ಮಂದಿ ಹೆಂಗಸರು ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯ ಚಾವಡಿಯಲ್ಲಿ ಸೇರಿ ಪುಸ್ತಕ ಓದುತ್ತೇವೆ. ಅಮೆರಿಕದ ಗಾಯಕಿ ಬ್ರಿಟ್ನಿ ಸ್ಪಿಯರ್ಸ್ 2023ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಆತ್ಮಕಥೆಯನ್ನು ಕೈಗೆತ್ತಿಕೊಂಡಾಗ, ಮೊದಲ ಸಂಜೆಯೆಲ್ಲ ಅವರು ತಲೆ ಬೋಳಿಸಿಕೊಂಡ ಪ್ರಸಂಗದ ಮಾತಿನಲ್ಲೇ ಕಳೆದುಹೋಯಿತು. ಎರಡನೆಯ ಓದಿಗೆ ನಾವು ಹಿಡಿದ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಪುಸ್ತಕ ತೆರೆಯುವ ಮೊದಲು ಒಂದು ಹಾಳೆಯಲ್ಲಿ ದಿನಾಂಕಗಳನ್ನು ಬರೆದುಕೊಳ್ಳಿ. 2008ರ ಫೆಬ್ರುವರಿಯಲ್ಲಿ, ಅವರ 26ನೆಯ ವಯಸ್ಸಿನಲ್ಲಿ, ಲಾಸ್ ಏಂಜಲೀಸಿನ ನ್ಯಾಯಾಲಯವು ಕನ್ಸರ್ವೇಟರ್‌ಶಿಪ್ (ತನ್ನ ವ್ಯವಹಾರ ತಾನೇ ನೋಡಿಕೊಳ್ಳಲಾರರೆಂದು ಭಾವಿಸಿದವರ ನಿರ್ಧಾರಗಳನ್ನು ಇನ್ನೊಬ್ಬರ ಕೈಗೆ ಕೊಡುವುದು) ಎಂಬ ವ್ಯವಸ್ಥೆಯಡಿ ಅವರನ್ನು ತಂದೆಯ ಪಾಲಕತ್ವಕ್ಕೆ ಒಪ್ಪಿಸಿತು. 2021ರ ಜೂನ್ 23ರಂದು ಅವರು ತಮ್ಮ ಸಂಕಟವನ್ನು ನ್ಯಾಯಾಲಯಕ್ಕೆ ತಾವೇ ವಿವರಿಸಿದರು. ಸೆಪ್ಟೆಂಬರಿನಲ್ಲಿ ತಂದೆಯ ಅಧಿಕಾರ ಅಮಾನತಾಯಿತು, ನವೆಂಬರ್ 12ರಂದು ವ್ಯವಸ್ಥೆಯೇ ಕೊನೆಗೊಂಡಿತು.

ಬಳಿಕ ಪೆನ್ಸಿಲ್ ಹಿಡಿದು, ಪ್ರತಿ ಪ್ರಸಂಗದ ಪಕ್ಕದಲ್ಲಿ 'ಇದನ್ನು ನಿರ್ಧರಿಸಿದವರು ಯಾರು?' ಎಂಬ ಪ್ರಶ್ನೆಗೆ ಉತ್ತರ ಬರೆಯುತ್ತಾ ಹೋಗಿ. ಆಸ್ತಿಯ ಪಾಲಕತ್ವ (ಹಣಕಾಸಿನದು), ವ್ಯಕ್ತಿಯ ಪಾಲಕತ್ವ (ಚಿಕಿತ್ಸೆ, ದಿನದ ಬದುಕಿನದು) ಎರಡೂ ಬೇರೆ ಬೇರೆಯಾದ್ದರಿಂದ ಗುರುತುಗಳೂ ಬೇರೆಯಿರಲಿ. ಹಣದ ವಿಚಾರ ಬೇಗ ಅರ್ಥವಾಗುತ್ತದೆ. ನಿಧಾನವಾಗಿ, ಗಟ್ಟಿಯಾಗಿ ಓದಬೇಕಾದದ್ದು ಎರಡನೆಯದನ್ನು. ಇನ್ನೊಂದು ಮಗು ಬೇಕೆಂದು ತಮಗೆ ಆಸೆಯಿದ್ದರೂ ಗರ್ಭನಿರೋಧಕ ಸಾಧನವನ್ನು ತೆಗೆಸಿಕೊಳ್ಳಲು ಬಿಡುತ್ತಿಲ್ಲವೆಂದು ಅವರು ನ್ಯಾಯಾಲಯದಲ್ಲಿ ಹೇಳಿದ್ದರು. ಈ ಮಾತು ಬಂದಾಗ ನಮ್ಮ ಚಾವಡಿಯಲ್ಲಿ ಯಾರೂ ಬಹಳ ಹೊತ್ತು ಮಾತಾಡಲಿಲ್ಲ. ಅಂಥ ಮೌನವನ್ನು ಅವಸರದಿಂದ ಮುರಿಯಬೇಡಿ.

ಮೂರನೆಯದಾಗಿ, ಅದೇ ವರ್ಷಗಳಲ್ಲಿ ಅವರು ದುಡಿದದ್ದನ್ನು ಪಟ್ಟಿ ಮಾಡಿ. ಆಲ್ಬಮ್‌ಗಳು ಬಂದವು, ಪ್ರವಾಸಗಳು ನಡೆದವು, 2013ರ ಕೊನೆಯಿಂದ 2017ರ ಕೊನೆಯವರೆಗೆ ಲಾಸ್ ವೇಗಸ್ಸಿನಲ್ಲಿ ಪ್ರದರ್ಶನ ನಡೆಯಿತು. ವೇದಿಕೆಯಲ್ಲಿ ನೂರಾರು ಸಲ ಕುಣಿದು ಹಾಡಿ ಸಂಪಾದಿಸಬಲ್ಲವರು ತಮ್ಮ ವಕೀಲರನ್ನು ಆರಿಸಿಕೊಳ್ಳಲು ಅಸಮರ್ಥರೆಂದು ಹೇಗೆ ಭಾವಿಸಲಾಯಿತು ಎಂಬುದನ್ನು ಚರ್ಚಿಸಿ. ಈ ವ್ಯವಸ್ಥೆಯನ್ನು ಕೊನೆಗಾಣಿಸುವಂತೆ ತಾವೇ ಅರ್ಜಿ ಹಾಕಬಹುದೆಂಬುದು ತಮಗೆ ತಿಳಿದಿರಲಿಲ್ಲವೆಂದೂ ಅವರು ಹೇಳಿದ್ದಾರೆ; ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತ್ಯಂತ ಕಠಿಣವಾದದ್ದು ಇದೇ. ಆತ್ಮಕಥೆ ಒಬ್ಬರ ಹೇಳಿಕೆಯಾದ್ದರಿಂದ, ತಂದೆಯ ಮನಸ್ಸಿನಲ್ಲೇನಿತ್ತೆಂದು ನಾವು ತೀರ್ಪು ಕೊಡುವುದು ಬೇಡ.

ನಮ್ಮ ಗುಂಪಿನ ಹಿರಿಯರೊಬ್ಬರು ಇಲ್ಲಿ ಅಳಿಯಕಟ್ಟಿನ ಮಾತೆತ್ತಿದರು. ತುಳುನಾಡಿನ ಆ ಕುಟುಂಬಗಳಲ್ಲಿ ವಂಶ ಹೆಣ್ಣಿನ ಕಡೆಯಿಂದ ಸಾಗಿದರೂ ಆಸ್ತಿಯ ಯಜಮಾನಿಕೆ ಬಹಳ ಕಡೆ ಸೋದರಮಾವನ ಕೈಯಲ್ಲಿತ್ತು. ಹೆಸರು ಒಬ್ಬರದು, ಹಿಡಿತ ಇನ್ನೊಬ್ಬರದು ಎಂಬುದನ್ನು ಬಲ್ಲ ಅಜ್ಜಿಯರಿದ್ದರೆ ಅವರನ್ನು ಓದಿಗೆ ಕರೆಯಿರಿ. ಪುಸ್ತಕದ ಇಂಗ್ಲಿಷ್ ಬಾರದಿದ್ದರೂ ಅವರಿಗೆ ವಿಷಯ ನಮಗಿಂತ ಚೆನ್ನಾಗಿ ತಿಳಿಯುತ್ತದೆ.

ಕೊನೆಯ ಭೇಟಿಗೆ ಪ್ರತಿಯೊಬ್ಬರೂ ಒಂದು ಬಿಳಿ ಹಾಳೆ ತನ್ನಿ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 14ನೆಯ ಕಲಮಿನ ಪ್ರಕಾರ, ವಯಸ್ಕರಾದ ಯಾರೇ ಆದರೂ ಚಿಕಿತ್ಸೆಯ ನಿರ್ಧಾರಗಳಲ್ಲಿ ತಮಗೆ ನೆರವಾಗುವ ಪ್ರತಿನಿಧಿಯನ್ನು ಸಾದಾ ಹಾಳೆಯಲ್ಲಿ ಬರೆದು, ಸಹಿ ಅಥವಾ ಹೆಬ್ಬೆಟ್ಟು ಹಾಕಿ ನೇಮಿಸಬಹುದು, ಮುಂದೆ ಬದಲಿಸಲೂಬಹುದು. ಇದು ಮಾನಸಿಕ ಚಿಕಿತ್ಸೆಗೆ ಮಾತ್ರ ಅನ್ವಯಿಸುತ್ತದೆ, ಆಸ್ತಿಗಲ್ಲ. ಪ್ರತಿನಿಧಿಯಾಗುವವರ ಲಿಖಿತ ಒಪ್ಪಿಗೆಯೂ ಬೇಕಾಗುವುದರಿಂದ, ಹೆಸರು ಬರೆಯುವ ಮುನ್ನ ಅವರೊಡನೆ ಕೂತು, ಯಾವ ಚಿಕಿತ್ಸೆ ನಿಮಗೆ ಬೇಕು, ಯಾವುದು ಬೇಡ ಎಂಬುದನ್ನು ಬಿಡಿಸಿ ಹೇಳಿ.