ಹಳೇ ಬೀದಿ ಫೋಟೋ ಯಾವ ವರ್ಷದ್ದು? ಬೋರ್ಡ್ ಓದಿ, ಗೊತ್ತಾಗುತ್ತೆ

ಮನೆ ಟ್ರಂಕಲ್ಲಿ ಸಿಕ್ಕಿದ ಹಳೇ ಬೆಂಗಳೂರು ಫೋಟೋ ಆಗ್ಲಿ, ವಾಟ್ಸಾಪಲ್ಲಿ ಓಡಾಡೋ "1950ರ ಚಿಕ್ಕಪೇಟೆ" ಆಗ್ಲಿ, ಯಾರೋ ಬರೆದಿರೋ ವರ್ಷ ನಾನಂತೂ ಸುಮ್ನೆ ನಂಬಲ್ಲ, ಮೊದಲು ಅಂಗಡಿ ಬೋರ್ಡ್ ಓದ್ತೀನಿ.

ಮೊಬೈಲಲ್ಲಿ ಫೋಟೋ ಹೊಡೆದ್ರೆ ಸಣ್ಣ ಅಕ್ಷರ ಕಲಸೋಗುತ್ತೆ, ಸ್ಕ್ಯಾನರಲ್ಲಿ 1200 ಡಿಪಿಐ (ಅಂದ್ರೆ ಒಂದು ಇಂಚಿಗೆ 1200 ಚುಕ್ಕೆ) ಇಡಿ. ನೆಗೆಟಿವ್ ಸ್ಕ್ಯಾನ್ ಮಾಡಿದಾಗ ಅಕ್ಷರ ಕನ್ನಡಿಯಲ್ಲಿ ಕಂಡಂಗೆ ಉಲ್ಟಾ ಬಂದ್ರೆ ಫ್ಲಿಪ್ ಮಾಡ್ಕೊಳ್ಳಿ.

ಆಮೇಲೆ ರೇಟ್ ಹುಡುಕಿ, ಇದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ. 1957ರ ಏಪ್ರಿಲ್ 1ಕ್ಕೆ ಮುಂಚೆ ರೂಪಾಯಿಗೆ 16 ಆಣೆ, ಅಲ್ಲಿಂದ ರೂಪಾಯಿಗೆ 100 ನಯಾಪೈಸೆ, 1964ರ ಜೂನಲ್ಲಿ 'ನಯಾ' ಹೋಗಿ ಬರೀ ಪೈಸೆ ಆಯ್ತು. ನಮ್ಮನೆ ಫೋಟೋ ಒಂದ್ರಲ್ಲಿ ಹೋಟೆಲ್ ಬಾಗಿಲ ಮೇಲಿನ ತಗಡಿನ ಬೋರ್ಡಲ್ಲಿ ಕಾಫಿ 2 ಆಣೆ ಅಂತ ಪೇಂಟಲ್ಲಿ ಬರೆದಿದೆ, ಕೆಳಗೆ ಒರಗಿಸಿರೋ ಸ್ಲೇಟಲ್ಲಿ ಸೀಮೆಸುಣ್ಣದಲ್ಲಿ 12 ನ.ಪೈ. ಅಂತಿದೆ. ಅವೆರಡೂ ಒಂದೇ ರೇಟು, ಸರ್ಕಾರದ ಲೆಕ್ಕದಲ್ಲಿ 2 ಆಣೆಗೆ 12 ನಯಾಪೈಸೆ! ಫೋಟೋ ಹಿಂದೆ ತಾತ 1952 ಅಂತ ಬರೆದಿದ್ರು, ಆದ್ರೆ ಆ ಸ್ಲೇಟ್ ನೋಡಿದ್ಮೇಲೆ 1957ಕ್ಕಿಂತ ಹಿಂದೆ ಹೋಗಕ್ಕೆ ಆಗಲ್ಲ. ತಗಡಿನ ಬೋರ್ಡನ್ನ ಪೇಂಟ್ ಉದುರೋ ತನಕ ಯಾರೂ ಮುಟ್ಟಲ್ಲ, ಸ್ಲೇಟ್ ಬೇಕಾದಾಗ ಅಳಿಸಿ ಬರೀಬಹುದು, ಅದಕ್ಕೇ ಫೋಟೋದಲ್ಲಿ ಎಲ್ಲಕ್ಕಿಂತ ಹೊಸದು ಯಾವುದೋ ಅದರಿಂದಲೇ ಲೆಕ್ಕ ಹಿಡೀಬೇಕು.

ಊರು, ರಸ್ತೆ ಹೆಸರೂ ಹಂಗೇನೇ. ಸೌತ್ ಪರೇಡ್ 1948ರಲ್ಲಿ ಮಹಾತ್ಮ ಗಾಂಧಿ ರಸ್ತೆ ಆಯ್ತು ಅಂತ ಹಳೇ ಬೋರ್ಡೆಲ್ಲಾ ಮಾರನೇ ದಿನವೇ ಇಳಿದಿರಲ್ಲ. ಆದ್ರೆ ವಿಳಾಸದಲ್ಲಿ ಆರಂಕಿ ಪಿನ್‌ಕೋಡ್ ಕಂಡ್ರೆ ಅದು 1972ರ ಆಗಸ್ಟ್ 15ರ ಆಮೇಲಿನದೇ, 'ಕರ್ನಾಟಕ ಸರ್ಕಾರ' ಅಂತ ಇದ್ರೆ 1973ರ ನವೆಂಬರ್ 1ರ ಆಮೇಲಿನದು.

ಸಿನಿಮಾ ಪೋಸ್ಟರ್ ಸಿಕ್ಕಿದ್ರೆ ಅದೃಷ್ಟ, ಯಾಕಂದ್ರೆ ಕಾಗದ ಮಳೆಗೆ ಬೇಗ ಹರಿಯುತ್ತೆ. ಗೋಡೆ ಮೇಲೆ 'ಬೇಡರ ಕಣ್ಣಪ್ಪ' ಇದ್ರೆ 1954ಕ್ಕಿಂತ ಹಳೇ ಫೋಟೋ ಅಲ್ಲ, ಆದ್ರೆ ಹಿಟ್ ಪಿಕ್ಚರ್‌ಗಳನ್ನ ಮತ್ತೆ ಮತ್ತೆ ಹಾಕ್ತಿದ್ರಲ್ಲ, ಹಾಗಾಗಿ 1954ರದ್ದೇ ಅಂತ ಬರೀಬೇಡಿ.

ಕೊನೆಗೆ ಪ್ರಿಂಟ್ ಹಿಂದೆ ಮೆತ್ತನೆ ಪೆನ್ಸಿಲಲ್ಲಿ ಬರೆದಿಡಿ, ಪೆನ್ ಬೇಡ, ಇಂಕ್ ಮುಂದಕ್ಕೆ ಇಳಿಯುತ್ತೆ. ತಾತನ ಅಕ್ಷರ ನಾನು ಅಳಿಸಲಿಲ್ಲ, ಅದರ ಕೆಳಗೆ "1957–64, ಸ್ಲೇಟಲ್ಲಿ ನ.ಪೈ. ಇದೆ" ಅಂತ ಸೇರಿಸಿದೀನಿ.