ಹಿಮನದಿ ಹಿಂದೆ ಸರಿದರೆ ಕಲ್ಲಿಗೆ ಏನಾಗುತ್ತದೆ? ಅಡುಗೆಮನೆಯಲ್ಲೇ ಮಾಡಿ ನೋಡಿ

ಜುಲೈ ತಿಂಗಳಲ್ಲಿ ಶಿವಮೊಗ್ಗದ ಸೇತುವೆ ಮೇಲೆ ನಿಂತರೆ ತುಂಗೆ ಕೆಂಪಗೆ ಹರಿಯುತ್ತಿರುತ್ತಾಳೆ. ಧ್ರುವದ ಕಣಿವೆಗಳಲ್ಲಿ ಹಿಮನದಿಯ (ನಿಧಾನಕ್ಕೆ ಜಾರುವ ಮಂಜುಗಡ್ಡೆಯ ರಾಶಿಯ) ಬುಡದಿಂದ ಹೊರಡುವ ಹೊಳೆ ಬೂದು ಬಣ್ಣದ್ದು, ಅಕ್ಕಿ ತೊಳೆದ ನೀರಿನ ಹಾಗೆ. ಎರಡರಲ್ಲೂ ಇರುವುದು ಕಲ್ಲೇ. ಆದರೆ ನಮ್ಮದು ಮಳೆಗೆ ನೆನೆದು ನೆನೆದು ಸಾರ ಹೋದ ಕಲ್ಲು, ಅಲ್ಲಿಯದು ಈಗಷ್ಟೇ ಅರೆದ ಹೊಸ ಪುಡಿ. ಇಷ್ಟು ಗೊತ್ತಾದರೆ ಉಳಿದದ್ದು ಸುಲಭ.

ಮೊದಲು ಹಿಮನದಿ ಕಲ್ಲನ್ನು ಅರೆಯುವ ಕೆಲಸ. ಟಿಫಿನ್ ಡಬ್ಬಿಗೆ ಒಂದು ಹಿಡಿ ಮರಳು, ಮೇಲೆ ನೀರು ಹಾಕಿ ರಾತ್ರಿ ಫ್ರೀಜರ್‌ನಲ್ಲಿಡಿ. ಬೆಳಿಗ್ಗೆ ಆ ಗಡ್ಡೆಯ ಮರಳಿನ ಕಡೆಯನ್ನು ಬಟ್ಟೆ ಸೋಪಿನ ಮೇಲೆ ಒತ್ತಿ ಎಳೆಯಿರಿ. ಒಂದೇ ದಿಕ್ಕಿಗೆ ಗೀರುಗಳು ಬೀಳುತ್ತವೆ. ಹಿಮನದಿ ಸರಿದ ಬಂಡೆಯ ಮೇಲೂ ಇಂಥದ್ದೇ ಗೀರುಗಳು ಕಾಣುತ್ತವೆ. ಉದುರುವ ಪುಡಿ ಹಿಟ್ಟಿನಷ್ಟು ನುಣುಪು.

ಆಮೇಲೆ ಒಂದು ಚೂರು ಚಿರೇಕಲ್ಲು ತೆಗೆದುಕೊಳ್ಳಿ. ಚೆನ್ನಾಗಿ ನೆನೆಸಿ, ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ, ತೆಗೆದು ಕರಗಿಸಿ, ಮತ್ತೆ ನೆನೆಸಿ. ಒಂದೇ ಸಲಕ್ಕೆ ಏನೂ ಕಾಣುವುದಿಲ್ಲ, ಬೇಜಾರಾಗಬೇಡಿ, ಏಳೆಂಟು ಸಲ ಮಾಡಿ. ನೀರು ಗಡ್ಡೆಯಾದಾಗ ಸುಮಾರು 9% ಹಿಗ್ಗುತ್ತದೆ, ಆ ಒತ್ತಡಕ್ಕೆ ಕಾಳುಗಳು ಬಿಟ್ಟುಕೊಳ್ಳುತ್ತವೆ. ಹಿಮನದಿ ಕರಗಿ ಹಿಂದೆ ಸರಿದಾಗ ಅಷ್ಟು ದಿನ ಮುಚ್ಚಿಕೊಂಡಿದ್ದ ಕಣಿವೆಯ ಗೋಡೆಗಳು ಗಾಳಿ ನೀರಿಗೆ ತೆರೆದುಕೊಳ್ಳುತ್ತವೆ. ಇದೇ ಹೆಪ್ಪು, ಇದೇ ಕರಗು. ಕಲ್ಲು ಜಾರಿ ಹೊಳೆಗೆ ಬೀಳುತ್ತದೆ.

ಈಗ ಮುಖ್ಯ ವಿಷಯ. ಒಂದು ಲೋಟದ ನೀರಿಗೆ ಬೆಲ್ಲದ ಉಂಡೆ, ಇನ್ನೊಂದಕ್ಕೆ ಅಷ್ಟೇ ತೂಕದ ಬೆಲ್ಲದ ಪುಡಿ ಹಾಕಿ. ಪುಡಿ ಬೇಗ ಕರಗುತ್ತದೆ ಅಲ್ವಾ? 1 ಸೆಂಟಿಮೀಟರ್ ಅಳತೆಯ ಘನವನ್ನು 1 ಮಿಲಿಮೀಟರ್ ಚೂರುಗಳಾಗಿ ಮಾಡಿದರೆ ನೀರಿಗೆ ತಾಗುವ ಮೈ 6 ಚದರ ಸೆಂಟಿಮೀಟರ್‌ನಿಂದ 60ಕ್ಕೆ ಏರುತ್ತದೆ. ಚಳಿಯಲ್ಲಿ ಕಲ್ಲು ಕರಗುವುದು ನಿಧಾನ, ನಿಜ. ಆದರೂ ಹಿಮನದಿ ಬಿಟ್ಟುಹೋದ ಪುಡಿಯಲ್ಲಿ ಸುಣ್ಣ, ಪೊಟ್ಯಾಶ್ ಎಲ್ಲ ಹಾಗೇ ಇರುತ್ತವೆ, ನೀರು ತಾಗಿದರೆ ಬಿಟ್ಟುಕೊಡುತ್ತವೆ. ನಮ್ಮ ಚಿರೇಕಲ್ಲಿನಲ್ಲಿ ಅದೆಲ್ಲ ಎಂದೋ ತೊಳೆದುಹೋಗಿ ಉಳಿದಿರುವುದು ಹೆಚ್ಚಾಗಿ ಕಬ್ಬಿಣ, ಅಲ್ಯೂಮಿನಿಯಂ. ತುಂಗೆಯ ಕೆಂಪು ಆ ಕಬ್ಬಿಣದ್ದೇ.

ಕಲ್ಲು ಹೀಗೆ ಕರಗುವಾಗ ಸಾಮಾನ್ಯವಾಗಿ ಗಾಳಿಯ ಇಂಗಾಲದ ಡೈಆಕ್ಸೈಡ್ ಹಿಡಿದುಕೊಳ್ಳುತ್ತದೆ. ಭೂಮಿ ಬಿಸಿ ಮಾಡುವ ಅನಿಲ ಕಮ್ಮಿಯಾಯಿತು ಅಂತ ಸುಮ್ನೆ ಖುಷಿಪಡಬೇಡಿ. ಪುಡಿಯಲ್ಲಿ ಗಂಧಕವಿರುವ ಪೈರೈಟ್ ಖನಿಜ ಇದ್ದರೆ ಗಾಳಿ ತಾಗಿ ಆಮ್ಲವಾಗುತ್ತದೆ, ಅದು ಪಕ್ಕದ ಸುಣ್ಣದ ಕಲ್ಲನ್ನು ಕರಗಿಸಿ ಅದೇ ಅನಿಲವನ್ನು ಹೊರಗೆ ಬಿಡುತ್ತದೆ. ಮೊಟ್ಟೆಯ ಚಿಪ್ಪೂ ಸುಣ್ಣದ್ದೇ, ಅದರ ಮೇಲೆ ನಿಂಬೆರಸ ಹಿಂಡಿ, ಗುಳ್ಳೆ ಏಳುವುದು ಕಾಣುತ್ತದೆ.

ಕೊನೆಯದು ಹೂಳು. ಅರ್ಧ ಚಮಚ ಮರಳು, ಅರ್ಧ ಚಮಚ ಜಲ್ಲಿ ಕ್ರಷರ್ ಪುಡಿ ಕಲಸಿ, ನೀರು ತುಂಬಿದ ಗಾಜಿನ ಬಾಟಲಿಗೆ ಮೆಲ್ಲಗೆ ಬಿಡಿ. ಪುಡಿ ಮುಟ್ಟುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮರಳು ಕ್ಷಣದಲ್ಲಿ ತಳ ಸೇರುತ್ತದೆ, ಪುಡಿ ಮಾತ್ರ ತುಂಬಾ ಹೊತ್ತು ನೀರನ್ನು ಬೂದಾಗಿಸಿಕೊಂಡೇ ಇರುತ್ತದೆ. ಹಿಮನದಿ ಸರಿದ ಹೊಸದರಲ್ಲಿ ಹೊಳೆಗೆ ಹೂಳು ಜಾಸ್ತಿ. ಎಷ್ಟೋ ಕಡೆ ಹಿಮನದಿ ಬಿಟ್ಟ ಗುಂಡಿಯಲ್ಲಿ ಕೆರೆ ನಿಲ್ಲುತ್ತದೆ. ಬೇಸಿಗೆಯಲ್ಲಿ ದಪ್ಪ ಕಾಳು, ಚಳಿಗಾಲದಲ್ಲಿ ಮೇಲೆ ಮಂಜುಗಡ್ಡೆ ಕಟ್ಟಿ ನೀರು ಅಲ್ಲಾಡದಿದ್ದಾಗ ಸಣ್ಣ ಪುಡಿ ಕೂರುತ್ತದೆ. ಒಂದು ಜೋಡಿ ಪದರ ಅಂದರೆ ಒಂದು ವರ್ಷ. ಎರಡು ದಿನಕ್ಕೊಮ್ಮೆ ಒಂದೊಂದು ಚಮಚ ಹಾಕುತ್ತಾ ಹೋಗಿ, ವಾರ ಕಳೆಯುವಷ್ಟರಲ್ಲಿ ನಿಮ್ಮ ಬಾಟಲಿಯಲ್ಲೂ ಗೆರೆಗಳನ್ನು ಎಣಿಸಬಹುದು.