ಇಟಿಸಿಡಿ ಲೀಡರ್ ಪದೇ ಪದೇ ಬದಲಾಗುತ್ತಿದ್ದುದು ನಿಂತದ್ದು ಹೀಗೆ

ಮೂರು ಸರ್ವರ್‌ಗಳ ಕುಬರ್ನೆಟೀಸ್ (ಕಂಟೇನರ್‌ಗಳಲ್ಲಿ ಆ್ಯಪ್ ನಡೆಸುವ ವ್ಯವಸ್ಥೆ) ಕ್ಲಸ್ಟರ್. ಅದರ ಸ್ಥಿತಿಯನ್ನೆಲ್ಲ ಇಟ್ಟುಕೊಳ್ಳುವ ಡೇಟಾಬೇಸ್ ಇಟಿಸಿಡಿ; ಪ್ರತಿ ಸರ್ವರ್‌ನಲ್ಲೂ ಒಂದು ಪ್ರತಿ, ಅವುಗಳಲ್ಲೊಂದು ಲೀಡರ್. ದೊಡ್ಡ ಕಂಟೇನರ್ ಇಮೇಜ್ (ಆ್ಯಪ್‌ನ ಪ್ಯಾಕೇಜ್) ಪುಲ್, ಅಂದರೆ ಡೌನ್‌ಲೋಡ್, ಆದಾಗೆಲ್ಲ ಇಟಿಸಿಡಿ ಲೀಡರ್ ಬದಲಾಗಿ, ಕ್ಲಸ್ಟರ್‌ಗೆ ಬರುವ ಆದೇಶ ಪಡೆಯುವ ಎಪಿಐ ಸರ್ವರ್ ಕೆಲ ಹೊತ್ತು ತೆಪ್ಪಗಾಗುತ್ತಿತ್ತು. ಎಲ್ಲರ ಅನುಮಾನ ನೆಟ್‌ವರ್ಕ್ ಮೇಲೆ. ಪಿಂಗ್ ನೋಡಿದರೆ ಸರಿಯಾಗಿಯೇ ಇತ್ತು.

ಲಾಗ್ ಕೆದಕಿದಾಗ ಎಫ್‌ಸಿಂಕ್ (ಬರೆದದ್ದನ್ನು ಡಿಸ್ಕ್‌ಗೆ ಖಚಿತವಾಗಿ ಇಳಿಸುವುದು) ನಿಧಾನ ಎಂಬ ಎಚ್ಚರಿಕೆ ಸಿಕ್ಕಿತು. ಇಟಿಸಿಡಿ ಬರೆದದ್ದು ಡಿಸ್ಕ್‌ಗೆ ಇಳಿದ ಮೇಲೆಯೇ ಮುಂದೆ ಹೋಗುವುದು. ಅದು ತಡವಾದರೆ ಲೀಡರ್ ಸುದ್ದಿಯೇ ಇಲ್ಲ ಎಂದು ಉಳಿದವು ಹೊಸ ಲೀಡರ್ ಆರಿಸಿಬಿಡುತ್ತವೆ. ಈ ಎಫ್‌ಸಿಂಕ್ ಸಮಯದ 99ನೇ ಪರ್ಸೆಂಟೈಲ್ (ನೂರರಲ್ಲಿ 99 ಸಲ ಮೀರದ ಸಮಯ) 10 ಮಿಲಿಸೆಕೆಂಡ್ ಒಳಗಿರಬೇಕು. ಓಎಸ್, ಇಮೇಜ್, ಲಾಗ್, ಇಟಿಸಿಡಿ ಎಲ್ಲ ಒಂದೇ ಡಿಸ್ಕ್‌ಗೆ ಬಿದ್ದರೆ ಅದೆಲ್ಲಿ ಸಾಧ್ಯ? ಪಾರ್ಟಿಷನ್ ಬೇರೆ ಇತ್ತು ನಿಜ. ಆದರೆ ಪಾರ್ಟಿಷನ್ ಜಾಗ ಹಂಚುತ್ತದೆ, ವೇಗವನ್ನಲ್ಲ.

ಇಟಿಸಿಡಿಗೆಂದೇ ಪ್ರತಿ ನೋಡ್‌ಗೂ (ಸರ್ವರ್‌ಗೂ) ಪುಟ್ಟ ಎಸ್‌ಎಸ್‌ಡಿ ಹಾಕಿದೆ. ಡೇಟಾ 8 ಜಿಬಿ ಮೀರಿ ಬೆಳೆಸಬಾರದು ಎಂಬ ಸಲಹೆಯೇ ಇರುವಾಗ ದೊಡ್ಡದು ದಂಡ. ಕರೆಂಟ್ ಹೋದರೂ ಡೇಟಾ ಕಾಯುವ ಕೆಪಾಸಿಟರ್ ಇರಲಿ ಸಾಕು. ಒಂದೊಂದೇ ನೋಡ್ ಹಿಡಿದು ಸರ್ವಿಸ್ ನಿಲ್ಲಿಸಿ, ಪರ್ಮಿಷನ್ ಸಮೇತ ನಕಲು ಮಾಡಿ, ಯುಯುಐಡಿಯಿಂದ (ಡಿಸ್ಕ್ ಹೆಸರು ಬದಲಾದರೂ ಬದಲಾಗದ ಗುರುತು) ಮೌಂಟ್ ಮಾಡಿದೆ, ಅಂದರೆ ಇಟಿಸಿಡಿಯ ಫೋಲ್ಡರ್‌ಗೆ ಜೋಡಿಸಿದೆ. ಉಳಿದೆರಡು ನಡೆಯುತ್ತಿದ್ದರೆ ಕೋರಂ (ಬೇಕಾದ ಬಹುಮತ) ಕೆಡುವುದಿಲ್ಲ.

ಮೌಂಟ್ ಆಗದೆ ಇಟಿಸಿಡಿ ಏಳದಂತೆ ಸಿಸ್ಟಂಡಿಯಲ್ಲಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಶುರುಮಾಡುವ ವ್ಯವಸ್ಥೆ) ಕಟ್ಟಿಹಾಕಿ. ಇಲ್ಲದಿದ್ದರೆ ರೀಬೂಟ್ ಆದಾಗ ಖಾಲಿ ಫೋಲ್ಡರ್ ಮೇಲೆಯೇ ಎದ್ದು ಕೂರುತ್ತದೆ, ಆಮೇಲೆ ತಲೆನೋವು. ಈಗ ಎಷ್ಟೇ ಇಮೇಜ್ ಎಳೆದರೂ ಲೀಡರ್ ಅಲುಗಾಡುತ್ತಿಲ್ಲ.